ಕಾನೂನು ತಿಳುವಳಿಕೆ: ಬಂಧನದ ಕಾರಣ ನಮಗೆ ತಿಳಿಯುವ ಭಾಷೆಯಲ್ಲಿ

ವ್ಯಾಪಾರಿಗಳಾದ ನಾವು ಖಾತೆ-ಕಿರ್ದಿ ನೋಡದೆ ಸಹಿ ಹಾಕುವವರಲ್ಲ. ಆದರೆ ಠಾಣೆಯಿಂದ ಕಾಗದ ಬಂದರೆ ಕೈ ನಡುಗುತ್ತದೆ. ಅದರಲ್ಲಿ ಏನಿದೆಯೆಂದು ಕೇಳುವುದಕ್ಕೂ ಅಂಜುತ್ತೇವೆ. ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಆಸುಪಾಸಿನಲ್ಲಿ ದುಡಿಯುವ ಕನ್ನಡ ಕುಟುಂಬಗಳಿಗೆ ಈ ಅಂಜಿಕೆ ಇನ್ನೂ ಹೆಚ್ಚು. ಅಲ್ಲಿಯ ಅಧಿಕೃತ ಭಾಷೆ ಕೊಂಕಣಿ, ಮರಾಠಿಗೂ ಮಾನ್ಯತೆಯಿದೆ, ನ್ಯಾಯಾಲಯದ ಕಾಗದಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡವೊಂದನ್ನೇ ಓದಬಲ್ಲವರ ಗತಿ ಏನು?

ಇದಕ್ಕೆ ಸುಪ್ರೀಂ ಕೋರ್ಟು 2025ರ ನವೆಂಬರ್ 6ರಂದು ಸ್ಪಷ್ಟ ಉತ್ತರ ಕೊಟ್ಟಿದೆ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಆರೋಪಿಗೆ ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ. ಆದರೂ ಮುಂಬಯಿ ಹೈಕೋರ್ಟು 2024ರಲ್ಲಿ ಬಿಡುಗಡೆಗೆ ಒಪ್ಪಲಿಲ್ಲ. ಗೋವಾ ಕೂಡ ಇದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದು, ಅದರ ಪೀಠ ಪರ್ವರಿಯಲ್ಲಿದೆ. ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು ಮುಂದಿನ ಬಂಧನಗಳಿಗೆಲ್ಲ ಅನ್ವಯಿಸುವ ನಿಯಮ ಹೇಳಿತು. ಅಪರಾಧ ಯಾವುದೇ ಇರಲಿ, ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಆ ಗಳಿಗೆಯಲ್ಲಿ ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ರಿಮಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲು ಬರವಣಿಗೆಯಲ್ಲಿ ಕೊಡಬೇಕು. ತಪ್ಪಿದರೆ ಬಂಧನವೂ ರಿಮಾಂಡೂ ಕಾನೂನುಬಾಹಿರ. ಹಾಗೆ ಬಿಡುಗಡೆಯಾದ ಮಾತ್ರಕ್ಕೆ ಮೊಕದ್ದಮೆ ಮುಗಿಯಿತೆಂದಲ್ಲ. ಕಾರಣ ಕೊಟ್ಟು ಮತ್ತೆ ವಶಕ್ಕೆ ಕೇಳಲು ಪೊಲೀಸರಿಗೆ ಅವಕಾಶವಿದೆ.

ಬಂಧನಕ್ಕೆ ಮೊದಲಿನ ಹಂತ ನೋಟೀಸಿನದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಂತೆ, ಬಂಧಿಸುವ ಅಗತ್ಯವಿಲ್ಲದಾಗ ನೋಟೀಸು ಕೊಟ್ಟು ಕರೆಸಬೇಕು. ಇಂಥ ನೋಟೀಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ನೋಟೀಸಿನಲ್ಲಿ ಅಪರಾಧ ಸಂಖ್ಯೆ, ಆರೋಪದ ವಿವರ, ಜೊತೆಗೆ ಎಫ್‌ಐಆರ್ ಪ್ರತಿ ಇರಬೇಕೆಂದು ಕರ್ನಾಟಕ ಹೈಕೋರ್ಟು 2024ರಲ್ಲಿ ತೀರ್ಪಿತ್ತಿದೆ. ಇದು ಗೋವಾದ ಪೊಲೀಸರನ್ನು ನೇರವಾಗಿ ಕಟ್ಟಿಹಾಕದಿದ್ದರೂ ವಕೀಲರು ಅಲ್ಲಿಯೂ ಆಧಾರವಾಗಿ ಮುಂದಿಡಬಹುದು. ನೋಟೀಸು ಸರಿಯಾಗಿದ್ದರೆ ಮಾತ್ರ ತಪ್ಪದೆ ಹಾಜರಾಗಿರಿ. ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾದೀತು.

ವ್ಯಾಪಾರಸ್ಥರು ಇನ್ನೊಂದು ಮಾತು ನೆನಪಿಡಬೇಕು. ಬಂಧನದ ಬೆದರಿಕೆ ಹಾಕಿ ಜಿಎಸ್‌ಟಿ ಕಟ್ಟಿಸಿಕೊಳ್ಳುವಂತಿಲ್ಲ. ಹಾಗೆ ಕಟ್ಟಿಸಿಕೊಂಡಿದ್ದರೆ ಹಣ ಮರಳಿ ಕೇಳಿ ನ್ಯಾಯಾಲಯಕ್ಕೆ ಹೋಗಬಹುದೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮನೆಯವರು ತಿಳಿದಿರಬೇಕಾದವು ಇಷ್ಟು:

1. ಬಂಧನವಾದರೆ ಸಂಬಂಧಿಕರಿಗೋ ಸ್ನೇಹಿತರಿಗೋ ಪೊಲೀಸರು ತಿಳಿಸಬೇಕು.

2. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

3. ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ.

4. ವಶದಲ್ಲಿರುವವರಿಗೆ ಉಚಿತ ವಕೀಲರ ನೆರವುಂಟು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಹಾಜರುಪಡಿಸಿದಾಗ ಮ್ಯಾಜಿಸ್ಟ್ರೇಟರು ಕಾರಣ ತಿಳಿಯಿತೇ ಎಂದು ಕೇಳಬಹುದು. ತಿಳಿಯದಿದ್ದರೆ ಸಂಕೋಚದಿಂದ ತಲೆಯಾಡಿಸಬೇಡಿ. “ಈ ಭಾಷೆ ನನಗೆ ಓದಲು ಬರುವುದಿಲ್ಲ, ಕನ್ನಡದಲ್ಲಿ ಕೊಡಿ” ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿ. ಪರಊರಿನಲ್ಲಿ ದುಡಿಯುವ ಮಕ್ಕಳಿಗೂ, ನಿಮ್ಮ ಅಂಗಡಿಯ ಆಳುಗಳಿಗೂ ಈ ಒಂದು ವಾಕ್ಯವನ್ನು ಇಂದೇ ತಿಳಿಸಿಕೊಡಿ.