ಎರವಲು ತಂತ್ರಾಂಶಕ್ಕೆ ಲೆಕ್ಕ ಬೇಡವೇ?

ಅದು ಕೇವಲ ಹನ್ನೊಂದು ಸಾಲುಗಳ ಸಂಕೇತ. ಪದವೊಂದರ ಎಡಬದಿಗೆ ಬೇಕಾದಷ್ಟು ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ‘ಲೆಫ್ಟ್‌-ಪ್ಯಾಡ್‌’ ಎಂಬ ಹೆಸರಿನ ಈ ತುಣುಕನ್ನು 2016ರ ಮಾರ್ಚ್‌ನಲ್ಲಿ ಅದರ ಕರ್ತೃ ‘ಎನ್‌ಪಿಎಂ’ ಎಂಬ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದರ ಹೆಸರನ್ನೇ ಕೇಳದಿದ್ದ ಅಸಂಖ್ಯ ಯೋಜನೆಗಳ ಕೆಲಸ ಏಕಾಏಕಿ ಸ್ಥಗಿತಗೊಂಡಿತು.

ಇಂದು ಯಾರೂ ತಂತ್ರಾಂಶವನ್ನು ಬುಡದಿಂದ ಬರೆಯುವುದಿಲ್ಲ. ಅನ್ಯರು ಬರೆದಿಟ್ಟ ತುಣುಕುಗಳನ್ನು ತಂದು ಜೋಡಿಸುತ್ತಾರೆ. ಆ ತುಣುಕುಗಳು ಮತ್ತೆ ಬೇರೆಯವನ್ನು ಅವಲಂಬಿಸಿರುತ್ತವೆ. ಆಂಡ್ರಾಯ್ಡ್‌, ಐಫೋನ್‌, ವಿಂಡೋಸ್‌ ಎಂದು ವೇದಿಕೆಗಳು ಹೆಚ್ಚಿದಂತೆ ಭಂಡಾರಗಳೂ ಆವೃತ್ತಿಗಳೂ ಬೇರೆಬೇರೆಯಾಗುತ್ತವೆ. ಎರವಲು ತರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ತಂದದ್ದಕ್ಕೆ ಲೆಕ್ಕವಿಡದಿರುವುದು ತಪ್ಪು.

2021ರ ಡಿಸೆಂಬರ್‌ನಲ್ಲಿ ‘ಲಾಗ್‌4ಜೆ’ ಎಂಬ ಜಾವಾ ತುಣುಕಿನಲ್ಲಿ ಗಂಭೀರ ಲೋಪ ಬಯಲಾಯಿತು. ಆಗ ಅನೇಕ ಸಂಸ್ಥೆಗಳಿಗೆ ಅದನ್ನು ಸರಿಪಡಿಸುವುದಕ್ಕಿಂತ, ಅದು ತಮ್ಮಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. 2024ರ ಪ್ರಕರಣ ಇನ್ನೂ ಆತಂಕಕಾರಿ. ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಎಕ್ಸ್‌ಜೆಡ್‌’ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಸ್ವಯಂಸೇವಕರು ನಿರ್ವಹಿಸುತ್ತಿದ್ದರು. ನೆರವಿನ ನೆಪದಲ್ಲಿ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ಅಜ್ಞಾತ ವ್ಯಕ್ತಿ ಅದರೊಳಗೆ ಕಳ್ಳಬಾಗಿಲನ್ನಿರಿಸಿದ. ಲಾಗಿನ್‌ ಆಗಲು ಅರ್ಧ ಸೆಕೆಂಡ್‌ ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಆಂಡ್ರೆಸ್‌ ಫ್ರಾಯಿಂಡ್‌ ಎಂಬ ಎಂಜಿನಿಯರ್‌ ಶಂಕಿಸಿದ್ದರಿಂದ ಅನಾಹುತ ತಪ್ಪಿತು. ಊರ ಕೆರೆಯ ನೀರು ಎಲ್ಲರಿಗೂ ಬೇಕು, ಹೂಳೆತ್ತಲು ಮಾತ್ರ ಯಾರೂ ಇಲ್ಲ ಎಂಬ ಸ್ಥಿತಿ ಇದು.

ಪರಿಹಾರ ಅಸಾಧ್ಯವೇನಲ್ಲ. ಪ್ರತಿ ವೇದಿಕೆಗೂ ಬಳಸಿದ ತುಣುಕುಗಳ ಆವೃತ್ತಿಯನ್ನು ನಿಗದಿಪಡಿಸಿ ದಾಖಲಿಸಬೇಕು. ಹಾಗೆಂದು ಅದನ್ನು ಅಲ್ಲಿಗೇ ಬಿಟ್ಟರೆ ಹಳೆಯ ಲೋಪಗಳು ಉಳಿದುಬಿಡುತ್ತವೆ. ಆದ್ದರಿಂದ ನಿಯಮಿತವಾಗಿ ಪರಿಶೀಲಿಸಿ, ಪರೀಕ್ಷಿಸಿ ಹೊಸ ಆವೃತ್ತಿಗೆ ಬದಲಿಸಬೇಕು. ಇಂತಹ ಘಟಕಪಟ್ಟಿಯ ಕುರಿತು ಕೇಂದ್ರದ ‘ಸರ್ಟ್‌-ಇನ್‌’ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿಯೇ ಮಾರ್ಗಸೂಚಿ ಪ್ರಕಟಿಸಿದೆ. ತಂತ್ರಾಂಶ ಖರೀದಿಸುವ ಸರ್ಕಾರಿ ಇಲಾಖೆಗಳೂ ಬ್ಯಾಂಕುಗಳೂ ಈ ಪಟ್ಟಿಯಿಲ್ಲದೆ ಸರಕನ್ನು ಒಪ್ಪಿಕೊಳ್ಳಬಾರದೆಂಬುದು ನನ್ನ ಅಭಿಮತ.

ಪಟ್ಟಿಯೊಂದೇ ಸಾಲದು. ಬೆಂಗಳೂರಿನ ತಂತ್ರಾಂಶ ಉದ್ಯಮದ ವಹಿವಾಟಿನಲ್ಲಿ ಇಂಥ ಉಚಿತ ತುಣುಕುಗಳ ಪಾಲು ದೊಡ್ಡದು. ಅವುಗಳಿಂದ ಲಾಭ ಗಳಿಸುವ ಕಂಪೆನಿಗಳು ಅವುಗಳ ನಿರ್ವಹಣೆಗೆ ಹಣವನ್ನೋ ತಮ್ಮ ಎಂಜಿನಿಯರುಗಳ ಸಮಯವನ್ನೋ ಮೀಸಲಿಡಬೇಕು. ಇದು ದಾನವಲ್ಲ, ವ್ಯವಹಾರದ ಖರ್ಚು. ಮುಂದಿನ ಬಾರಿಯೂ ಯಾರಾದರೊಬ್ಬರು ಅರ್ಧ ಸೆಕೆಂಡಿನ ವಿಳಂಬವನ್ನು ಗಮನಿಸಿಯಾರು ಎಂದು ಕಾಯುತ್ತಾ ಕೂರುವುದು ವಿವೇಕವಲ್ಲ.