ಸೈಕಲ್ಲಿನ ಋಣ

ಸೈಕಲ್ ಸವಾರಿ ದೇಹಕ್ಕೆ ಹಿತವೆಂದು ಹೇಳುವವರು ಈಗ ಬಹಳ. ನಾನು ಕಾಲೇಜಿಗೆ ಸೈಕಲ್ಲಿನಲ್ಲಿ ಬರುವುದೂ ಅದಕ್ಕೇ ಎಂದು ವಿದ್ಯಾರ್ಥಿಗಳು ಭಾವಿಸಿದ್ದಾರೆ. ನಾನು ತಿದ್ದಲು ಹೋಗಿಲ್ಲ. ನಿಜವಾಗಿ ಅದು ಮನೆಯಿಂದ ಬಂದ ನಂಟು. ಶಾಲಾಮಾಸ್ತರರಾಗಿದ್ದ ತಂದೆಯವರು ತಮ್ಮ ಕರಿಯ ಸೈಕಲ್ಲಿನ ಅಡ್ಡಕಂಬಿಗೆ ಟವೆಲು ಸುತ್ತಿ ನನ್ನನ್ನು ಕೂರಿಸುತ್ತಿದ್ದರು; ಹಿಂದೆ ಕ್ಯಾರಿಯರಿನ ಮೇಲೆ ಅಕ್ಕ. ಮುಂದೆ ನಾನು ಆ ಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಅರ್ಧರ್ಧ ಪೆಡಲು ತುಳಿದು ಸವಾರಿ ಕಲಿತಾಗ, ಸೀಟು ಹಿಡಿದು ಓಡಿದವಳೂ ಅಕ್ಕನೇ. ಅವಳಿಗಾಗಿ ಯಾರೂ ಸೀಟು ಹಿಡಿಯಲಿಲ್ಲ. ಹೈಸ್ಕೂಲು ಆರು ಕಿಲೋಮೀಟರು ದೂರ. ಏಳನೆಯ ತರಗತಿಗೆ ಅವಳ ಓದು ನಿಂತಿತು. ಎರಡು ವರ್ಷಗಳ ತರುವಾಯ ಅದೇ ಹಾದಿಗೆಂದು ತಂದೆಯವರು ನನಗೊಂದು ಹಳೆಯ ಸೈಕಲ್ಲು ಕೊಡಿಸಿದರು.

ಬಾಲ್ಯದ ಸೈಕಲ್ಲನ್ನು ಕುರಿತು ಮಧುರವಾಗಿ ಬರೆಯುವವರು (ನಾನೂ ಬರೆದವನೇ) ಹೆಚ್ಚಾಗಿ ಗಂಡಸರೇ ಆಗಿರುವುದು ಆಕಸ್ಮಿಕವಲ್ಲವೆಂಬುದು ನನ್ನ ಮತ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದಾಗ ಅದನ್ನು ಹಳಿದವರುಂಟು. ಹಳಿಯಲಿ. ಆ ದಿನಗಳಲ್ಲೊಮ್ಮೆ, ಎರಡು ಜಡೆಯ ಹುಡುಗಿಯರು ನಮ್ಮೂರ ಬೀದಿಯಲ್ಲಿ ಗಂಟೆ ಬಾರಿಸುತ್ತ ಸಾಲಾಗಿ ಹೋದರು. ತವರಿಗೆ ಬಂದಿದ್ದ ಅಕ್ಕ ಬಾಗಿಲಲ್ಲಿ ನಿಂತು, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಒಳಗೆ ಹೋದಳು.