ಹಿಂದಕ್ಕೆ ಹೋಗಕ್ಕಾಗಲ್ವೇನ್ಲಾ?

ಕಮ್ಯಾಂಡ್ ಲೈನ್ ಅಂದ್ರೆ ಸರಳವಾಗಿರಬೇಕು, ನಾಲ್ಕು ಪ್ರಶ್ನೆ ಕೇಳೋಕೆ ಫ್ರೇಮ್‌ವರ್ಕ್ ಯಾಕೆ? ನಮ್ಮ ಆಫೀಸುಗಳಲ್ಲಿ ಈ ಉಪದೇಶ ಕೇಳದವರಿಲ್ಲ. ನಾನೂ ಮಾಡುತ್ತಿದ್ದೆ. ಬಿಡಿಸಿದ್ದು ರಾಮನಗರದ ನನ್ನ ಸೋದರಮಾವ.

ಮಾವನದು ಸಣ್ಣ ರೀಲಿಂಗ್ ಘಟಕ. ಮಾರುಕಟ್ಟೆಯಿಂದ ರೇಷ್ಮೆಗೂಡು ತಂದ ದಿನ ಸಂಜೆ ಲೆಕ್ಕ ಬರೀಬೇಕು: ಲಾಟ್ ನಂಬರ್, ರೈತರ ಊರು, ಮಿಶ್ರತಳಿಯೋ ಬೈವೋಲ್ಟೀನೋ, ತೂಕ, ದರ, ಹೀಗೆ. ಇರೋದು ಹಳೇ ಲ್ಯಾಪ್‌ಟಾಪ್, ಬ್ರೌಸರ್ ತೆರೆದರೆ ಏದುಸಿರು ಬಿಡುತ್ತೆ. ಅದಕ್ಕೇ ಟರ್ಮಿನಲ್. ಒಂದಾದ ಮೇಲೊಂದು ಒಂಬತ್ತು ಪ್ರಶ್ನೆ ಕೇಳುವ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟೆ. ಅರವತ್ತು ಸಾಲು, ಹೊರಗಿನ ಲೈಬ್ರರಿ ಒಂದೂ ಇಲ್ಲ ಅಂತ ಬೀಗಿದ್ದೂ ಆಯಿತು.

ಎಂಟನೇ ಪ್ರಶ್ನೆಗೆ ಬಂದಾಗ ಮಾವ ನೋಡಿಕೊಂಡರು: ದರ 620 ಅನ್ನೋ ಕಡೆ 6200 ಹೊಡೆದಿದ್ದಾರೆ. "ಹಿಂದಕ್ಕೆ ಹೋಗಕ್ಕಾಗಲ್ವೇನ್ಲಾ?" ಆಗಲ್ಲ ಮಾವ. ಎಂಟರ್ ಒತ್ತಿದ ಮೇಲೆ ಮುಗೀತು, ಕಂಟ್ರೋಲ್-ಸಿ ಒತ್ತಿ ಮೊದಲಿಂದ ಶುರು ಮಾಡಬೇಕು. ಎರಡನೇ ವಾರಕ್ಕೆ ಅವರು ಲೆಕ್ಕದ ಪುಸ್ತಕಕ್ಕೇ ವಾಪಸ್. ಅದರಲ್ಲಿ ತಪ್ಪಿಗೆ ಗೀಟು ಹಾಕಿ ಪಕ್ಕದಲ್ಲಿ ಬರೆಯಬಹುದಲ್ಲ!

ನಾನು ಕೊಂಡಾಡಿದ ಸರಳತೆ ನನಗಷ್ಟೇ ಸರಳವಾಗಿತ್ತು. ನಮ್ಮ ವಿಷಯಕ್ಕೆ ಬಂದರೆ ನಾವು ಇಷ್ಟು ವೈರಾಗ್ಯ ತೋರಿಸಲ್ಲ. ಐಪೈಥಾನ್ 2016ರಲ್ಲೇ, ತನ್ನ 5ನೇ ಆವೃತ್ತಿಯಲ್ಲಿ, ರೀಡ್‌ಲೈನ್ ಬಿಟ್ಟು ಪ್ರಾಂಪ್ಟ್ ಟೂಲ್‌ಕಿಟ್ ಹಿಡಿಯಿತು. ಹತ್ತು ಸಾಲಿನ ಫಂಕ್ಷನ್ನಿನಲ್ಲಿ ಮೇಲಿನ ಸಾಲಿಗೆ ಹೋಗಿ ತಿದ್ದುವ ಸುಖ ಅಲ್ಲಿಂದ ಬಂದದ್ದು. ಪ್ರೋಗ್ರಾಮರ್‌ಗೆ ಬೇಕು, ಗೂಡು ಕೊಳ್ಳೋನಿಗೆ ಬೇಡವಾ?

ಟೆಕ್ಸ್ಚುಯಲ್‌ನಲ್ಲಿ ಮತ್ತೆ ಬರೆದೆ. ಈಗ ಎಲ್ಲ ಖಾನೆಗಳೂ ಒಂದೇ ಪರದೆಯಲ್ಲಿ. ಟ್ಯಾಬ್ ಒತ್ತಿದರೆ ಮುಂದೆ, ಶಿಫ್ಟ್-ಟ್ಯಾಬ್‌ಗೆ ಹಿಂದೆ. ಊರಿನ ಮೊದಲೆರಡು ಅಕ್ಷರಕ್ಕೆ ಕನಕಪುರವೋ ಮಾಗಡಿಯೋ ತಾನೇ ಸೂಚಿಸುತ್ತೆ. 6200 ಹೊಡೆದರೆ ಖಾನೆ ಕೆಂಪಾಗುತ್ತೆ.

ಅವಲಂಬನೆ ಜಾಸ್ತಿಯಾಗುತ್ತೆ ಅನ್ನೋ ತಕರಾರು ಸುಳ್ಳಲ್ಲ. ಆವೃತ್ತಿಯನ್ನು ಬಿಗಿಯಾಗಿ ಕಟ್ಟಿಹಾಕಿದ್ದೀನಿ. ಕನ್ನಡವಂತೂ ಅರ್ಧ ದಿನ ತಿಂತು. 'ರೇಷ್ಮೆ' ನಮ್ಮ ಕಣ್ಣಿಗೆ ಎರಡು ಅಕ್ಷರ, ಪೈಥಾನ್ ಎಣಿಸಿದರೆ 6. ಟರ್ಮಿನಲ್ ಸಮಾನ ಅಗಲದ ಮನೆಗಳಲ್ಲಿ ಅಕ್ಷರ ಕೂರಿಸುತ್ತೆ. ಒತ್ತು, ಗುಣಿತ ಬಂದ ಕಡೆ ಲೆಕ್ಕ ತಪ್ಪಿ ಬಲಗಡೆಯ ಗೆರೆ ಹಾವಿನ ಥರ ಓಡಿತು. ಇದನ್ನು ಫ್ರೇಮ್‌ವರ್ಕ್ ಸರಿಮಾಡಲಿಲ್ಲ. ಗೆರೆ ಕಿತ್ತುಹಾಕಿ, ಕನ್ನಡ ಹೆಸರುಗಳನ್ನು ಖಾನೆಯ ಮೇಲಿನ ಸಾಲಿಗೆ ತಳ್ಳಿ, ಕಂಬಸಾಲಲ್ಲಿ ಬರೀ ಅಂಕಿ ಇಟ್ಟೆ. ಇನ್ನು ರಾತ್ರಿ ಕ್ರಾನ್‌ನಲ್ಲಿ ಓಡುವ ಸ್ಕ್ರಿಪ್ಟಿಗೆ ಈ ಅಲಂಕಾರ ಮಾಡೋಕೆ ಹೋಗಬೇಡಿ, ಅದಕ್ಕೆ ಆರ್ಗ್‌ಪಾರ್ಸ್ ಧಾರಾಳ ಸಾಕು. ನಾನು ಹೇಳ್ತಿರೋದು ಎದುರಿಗೆ ಮನುಷ್ಯ ಕೂತು ಉತ್ತರ ಕೊಡೋ ಪ್ರೋಗ್ರಾಮಿನ ಮಾತು.

ಮಾವ ಪುಸ್ತಕ ಪೂರ್ತಿ ಬಿಟ್ಟಿಲ್ಲ, ವಾರಕ್ಕೊಮ್ಮೆ ತಾಳೆ ನೋಡ್ತಾರೆ. ಮೊನ್ನೆ ಚನ್ನಪಟ್ಟಣದಿಂದ ಅವರ ಷಡ್ಡಕ ಫೋನ್ ಮಾಡಿದ್ದರು. ಗೊಂಬೆ ಮಾಡೋ ಆಲೆ ಮರದ ಲೆಕ್ಕ ಇಡಬೇಕಂತೆ. "ಹಿಂದಕ್ಕೆ ಹೋಗೋ ಥರದ್ದೇ ಕೊಡಪ್ಪಾ" ಅಂದರು.